ಒಂದು ಕೈ ಸಾಕು

ಯಂಕಣ್ಣ ತನ್ನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ, ಹಿಡಿ ಒತ್ತಿದರೆ ಮರಕ್ಕೆ ಪಿನ್ನು ಹೊಡೆಯುವ ಎರಡು ಪಿನ್ ಬಂದೂಕುಗಳನ್ನು ಮೇಜಿನ ಮೇಲಿಟ್ಟ. ಒಂದು ಅಂಗೈಯಲ್ಲಿ ಅಡಗುವಷ್ಟು ಹಗುರ, ಇನ್ನೊಂದು ದಪ್ಪ ಇಕ್ಕಳದಷ್ಟು ಭಾರ. ಮುಂಬಯಿಯಿಂದ ಮೊನ್ನೆಯಷ್ಟೇ ಬಂದ ಮಾಲು. ೧೯೬೪ರ ಹುಬ್ಬಳ್ಳಿಯಲ್ಲಿ ಇಂಥದ್ದನ್ನು ಕಂಡವರೇ ಕಡಿಮೆ. ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸದಲ್ಲೇ ಕೂದಲು ನರೆತಿದ್ದ ಉಸ್ಮಾನಸಾಬ ಎರಡನ್ನೂ ಮುಟ್ಟದೆ ಮೊದಲು ಒಂದು ಮಾತು ಕೇಳಿದ.

“ಒಬ್ಬಾಂವಗ ಆಗ್ತೈತೇನ್ರಿ ಇದು?”

“ಅದಕ್ಕ ಬಂದೈತ್ರಿ ಸಾಬ್ರ. ಎಡಗೈಲೆ ಬಟ್ಟಿ ಎಳೀರಿ, ಬಲಗೈಲೆ ಒತ್ತರಿ. ಇನ್ನೊಬ್ರ ಹಂಗಿಲ್ಲ.”

ಉಸ್ಮಾನಸಾಬನಿಗೆ ಬೇಕಾಗಿದ್ದದ್ದೂ ಅದೇ. ಮೂವತ್ತು ವರ್ಷ ಹೆಂಡತಿ ಕರೀಮಾಬಿ ಎರಡೂ ಕೈಯಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದಳು, ಇವನು ಮೊಳೆ ಬಡಿಯುತ್ತಿದ್ದ. ಅವಳು ತೀರಿಕೊಂಡು, ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಕೂಡ ಮುಗಿದಿತ್ತು. ಗಬ್ಬೂರಿನಿಂದ ಬಂದ ಅಕ್ಕ ರೆಹಮತ್‌ಬಿ, ಮನೆಗೆ ಬೀಗ ಹಾಕಿ ತನ್ನ ಜೊತೆ ಬಾ ಎಂದು ಪಟ್ಟು ಹಿಡಿದಿದ್ದಳು. ಒಂಟಿ ಎತ್ತಿನಿಂದ ರಂಟೆ ಹೊಡೆದು ಹೊಲ ಉಳಲಾದೀತೇ ಎಂಬುದು ಅವಳ ವಾದ. ಇನ್ನೊಬ್ಬರ ಮನೆಯ ಮೂಲೆಯಲ್ಲಿ, ಸುತ್ತಿಗೆ ಮುಟ್ಟದೆ, ಊಟದ ಕರೆಗೆ ಕಾಯುತ್ತ ಕೂರುವುದು ಉಸ್ಮಾನಸಾಬನಿಗೆ ಬೇಡವಾಗಿತ್ತು. ಕೊನೆಗೆ ಇಬ್ಬರೂ ಒಂದು ಕರಾರಿಗೆ ಬಂದಿದ್ದರು. ಹತ್ತಿ ವ್ಯಾಪಾರಿಯೊಬ್ಬರ ಸೋಫಾ ಮನೆಯಲ್ಲಿ ಬಿದ್ದಿತ್ತು. ಅದನ್ನು ಶುಕ್ರವಾರದೊಳಗೆ ಒಬ್ಬನೇ ಮುಗಿಸಿದರೆ ಅಕ್ಕ ಸುಮ್ಮನೆ ಊರಿಗೆ ಹೋಗಬೇಕು, ಆಗದಿದ್ದರೆ ತಮ್ಮ ಅವಳ ಹಿಂದೆ ನಡೆಯಬೇಕು. ಇವತ್ತು ಗುರುವಾರ.

ಪರೀಕ್ಷೆಗೆಂದು ಯಂಕಣ್ಣ ಹಳೆಯ ಹಣ್ಣಿನ ಪೆಟ್ಟಿಗೆಯೊಂದನ್ನು ಎಳೆದು ತಂದ. ಆ ಮರಕ್ಕೆ ಉಗುರು ಒತ್ತಿದರೂ ಇಳಿಯುತ್ತದೆ ಎಂದು ನಕ್ಕ ಉಸ್ಮಾನಸಾಬ, ಜೇಬಿನಿಂದ ರೆಕ್ಸಿನ್ ತುಂಡು ತೆಗೆದು, ಅಂಗಡಿಯ ಸಾಗವಾನಿ ಸ್ಟೂಲನ್ನೇ ಬೋರಲು ಹಾಕಿದ. ಯಂಕಣ್ಣ ಬೇಡ ಅನ್ನುವುದರೊಳಗೆ ಎರಡು ಏಟು ಬಿದ್ದಿದ್ದವು. ಹಗುರ ಬಂದೂಕಿನ ಪಿನ್ನು ಅರ್ಧಕ್ಕೇ ಸೊಟ್ಟಗಾಗಿ ನಿಂತಿತು. ಭಾರದ್ದರ ಪಿನ್ನು ಮರಕ್ಕೆ ಅಂಟಿ ಕೂತಿತು. ಆದರೆ ಅದರ ಸ್ಪ್ರಿಂಗು ಬಲು ಗಟ್ಟಿ, ಹತ್ತು ಸಲ ಒತ್ತುವುದರೊಳಗೆ ಮಣಿಕಟ್ಟು ಸೋತಿತು. ವಯಸ್ಸು ನೋಡಿ ಹಗುರದ್ದನ್ನೇ ಒಯ್ಯಿರಿ ಎಂದ ಯಂಕಣ್ಣ.

“ಕೈ ನೋಯೂದು ನನಗಷ್ಟ ರೀ. ಪಿನ್ ಎದ್ರ ಕುಂತವ್ರಿಗೆ ಚುಚ್ಚತೈತಿ,” ಎಂದು ಉಸ್ಮಾನಸಾಬ ಭಾರದ್ದನ್ನೇ ಆರಿಸಿಕೊಂಡ. ಸಾಗವಾನಿಗೆ ಗಿಡ್ಡ ಕಾಲಿನ ಪಿನ್ನು, ಮೆತ್ತನೆಯ ಮರಕ್ಕೆ ಉದ್ದ ಕಾಲಿನದು, ಒಂದು ಬಂದೂಕಿನ ಪಿನ್ನು ಇನ್ನೊಂದಕ್ಕೆ ಹೊಂದುವುದಿಲ್ಲ ಎಂದೆಲ್ಲ ಯಂಕಣ್ಣ ತಿಳಿಸಿಕೊಟ್ಟ. ಸ್ಟೂಲಿನ ಗಾಯ ಸವರುತ್ತಲೇ ತಿಳಿಸಿಕೊಟ್ಟ ಅನ್ನಿ.

ಮನೆಯಲ್ಲಿ ಬಂದೂಕು ಹೇಳಿದ ಮಾತು ಕೇಳಿತು. ಎಡಗೈ ಎಳೆಯಿತು, ಬಲಗೈ ಒತ್ತಿತು, ಬಟ್ಟೆ ಹಲಗೆ ವಾದ್ಯದ ಚರ್ಮದ ಹಾಗೆ ಬಿಗಿದುಕೊಂಡಿತು. ಮೂರು ಬದಿ ಮುಗಿದಾಗ ಇನ್ನೂ ಸಂಜೆಯಾಗಿರಲಿಲ್ಲ. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಏನೋ ಕೊರತೆ. ಪಿನ್ನುಗಳ ಸಾಲು ನೋಡಿದ, ಮೂಲೆಯ ಮಡಿಕೆ ನೋಡಿದ, ಎಲ್ಲ ಸರಿಯಾಗಿತ್ತು.

ಕೊರತೆ ಇದ್ದದ್ದು ಬಾಯಲ್ಲಿ. ಈ ಕಸುಬಿನವರೆಲ್ಲರ ಹಾಗೆ ಅವನೂ ಸಣ್ಣ ಮೊಳೆಗಳನ್ನು ಬಾಯಿತುಂಬ ಇಟ್ಟುಕೊಂಡು, ಒಂದೊಂದನ್ನೇ ತುಟಿಗೆ ತಂದು ಬಡಿಯುತ್ತಿದ್ದ. ಎದುರಿಗೆ ಬಟ್ಟೆ ಹಿಡಿದು ಕೂತ ಕರೀಮಾಬಿ ಮಾತಾಡುತ್ತಲೇ ಇರುತ್ತಿದ್ದಳು: ನಲ್ಲಿಯ ಹತ್ತಿರದ ಜಗಳ, ತವರಿನ ಬೇವಿನ ಗಿಡ, ಹುಟ್ಟದೇ ಹೋದ ಮಗುವಿಗೆ ಇಡಬೇಕೆಂದಿದ್ದ ಹೆಸರು. ಇವನು ಎಲ್ಲಕ್ಕೂ ಹೂಂ ಎನ್ನುತ್ತಿದ್ದ. ಮೊಳೆ ಮುಗಿದ ಮೇಲೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದ. ಮೊಳೆ ಮುಗಿಯುವ ಹೊತ್ತಿಗೆ ಅವಳು ರೊಟ್ಟಿ ಬಡಿಯಲು ಎದ್ದಿರುತ್ತಿದ್ದಳು. ಈಗ ಬಾಯಿ ಖಾಲಿಯಾಗಿತ್ತು, ಹೇಳಲು ಮೂವತ್ತು ವರ್ಷದ ಮಾತಿತ್ತು, ಕೇಳುವವಳು ಇರಲಿಲ್ಲ. ಆ ಸಂಕಟ ಅವನಿಗೆ ತಡೆಯಲಾಗಲಿಲ್ಲ. ಮೊಳೆಯ ಡಬ್ಬಿಗೆ ಕೈ ಹಾಕಿದ.

ಚಹಾ ತಂದ ರೆಹಮತ್‌ಬಿ ಸೋಫಾದ ಸುತ್ತ ಒಂದು ಸುತ್ತು ಬಂದಳು. ನಾಲ್ಕನೆಯ ಬದಿಯೂ ಬಂದೂಕಿನಿಂದಲೇ ಮುಗಿಯುತ್ತ ಬಂದಿತ್ತು. “ಗೆದ್ದಿ ಬಿಡಪಾ. ನಾಳೆ ಮುಂಜಾನೆ ನಾ ಹೊಂಡ್ತೇನಿ,” ಎಂದವಳು ತಮ್ಮನ ಉಬ್ಬಿದ ಗಲ್ಲ ನೋಡಿ ಅಲ್ಲೇ ನಿಂತಳು.

“ಮಷೀನ್‌ದಾಗ ಪಿನ್ ಅದಾವಲ್ಲೋ. ಮತ್ತ ಬಾಯಾಗ ಮೊಳಿ ಯಾಕ?”

ಉಸ್ಮಾನಸಾಬ ಕರೀಮಾಬಿ ಕೂರುತ್ತಿದ್ದ ಎದುರಿನ ಖಾಲಿ ನೆಲವನ್ನೇ ನೋಡುತ್ತ, “ಹೂಂ” ಎಂದ.