ಮುಳ್ಳುಬೇಲಿಯ ಕಂಡಿ

ಹೆಂಗಸು ಓಡಲಿಲ್ಲ. ಮುಸೆಂಬಿಗೆ ಮೊದಲು ಅನುಮಾನ ಹುಟ್ಟಿಸಿದ್ದೇ ಅದು.

ಒಣಹಳ್ಳದ ದಂಡೆಗುಂಟ ಮುಳ್ಳುಬೇಲಿ ಎದ್ದಿತ್ತು. ಮುನ್ನೂರು ಹೆಜ್ಜೆ ಉದ್ದ. ನಡುನಡುವೆ ಎತ್ತರದ ಗಳುಗಳು, ತುದಿಗಳಲ್ಲಿ ಕೆಂಪು ಬಟ್ಟೆಯ ಚೂರು. ವನ್ಯಮೃಗಗಳ ಕಾವಲುಗಾರನಾದ ಅವನು ಮೂರು ದಿನ ಉತ್ತರದ ಗಡಿಗೆ ಗಸ್ತು ಹೋಗಿದ್ದ. ಅಷ್ಟರಲ್ಲೇ ಇಷ್ಟು ಕೆಲಸ.

ಅವಳು ಉದ್ದನೆಯ ಗಳುವೊಂದನ್ನು ಎರಡೂ ಕೈಯಲ್ಲಿ ಆಕಾಶಕ್ಕೆ ಎತ್ತಿ ಹಿಡಿದಿದ್ದಳು. ಅವನ ಜೀಪು ಹತ್ತಿರ ಬಂದಾಗ ಕೈಬಿಟ್ಟಳು. ಗಳು ವಾಲಿ, ಮೇಲೆ ಕಂಬದಿಂದ ಕಂಬಕ್ಕೆ ಎಳೆದ ಹೊಸ ತಂತಿಗೆ ಟಣ್ಣೆಂದು ತಾಗಿ, ನೆಲಕ್ಕೆ ಬಿತ್ತು. ತಂತಿಯ ಮೇಲೆ ಕೂತಿದ್ದ ಹಕ್ಕಿಗಳು ಎದ್ದು ಮತ್ತೆ ಕೂತವು.

ಮುಸೆಂಬಿ ಬೇಲಿಯ ಗುಂಟ ನಡೆದ. ಒಂದೇ ಒಂದು ಕಂಡಿ ಇತ್ತು. ಹಳ್ಳದಿಂದ ದೂರ, ದಿಬ್ಬದ ಮೇಲೆ, ತಂತಿ ಹೊತ್ತ ಕಂಬದ ಪಕ್ಕದಲ್ಲಿ. ಅವನಿಗೆ ಇಷ್ಟೇ ಸಾಕಾಯಿತು. ಅವನು ಕಾಂಬಾ ಬುಡಕಟ್ಟಿನವನು, ಅವನ ತಾತ ಕಿಟುಯಿ ಸೀಮೆಯ ಕಾಡಿನಲ್ಲಿ ಇಂಥವೇ ಬೇಲಿ ಕಟ್ಟುತ್ತಿದ್ದ. ಬಟ್ಟೆಗೆ ಬೆದರಿದ ಮೃಗ ಬೇಲಿ ಹಿಡಿದು ನಡೆದು ಕಂಡಿಗೆ ಬರುತ್ತದೆ. ಕಂಡಿಯಲ್ಲಿ ಉರುಳು ಕಾದಿರುತ್ತದೆ.

ಇಲ್ಲಿ ಉರುಳು ಇರಲಿಲ್ಲ. ಇನ್ನೂ ಕಟ್ಟಿಲ್ಲ ಎಂದುಕೊಂಡ.

“ಹೆಸರೇನಮ್ಮಾ?”

“ನಬುಲು.”

ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಇಲ್ಲಿನ ಸಂಬುರು ಬುಡಕಟ್ಟಿನ ಹೆಂಗಸರ ಎದೆ ಮುಚ್ಚುವಷ್ಟು ಮಣಿಸರ ಇವಳ ಕೊರಳಲ್ಲಿ ಇರಲಿಲ್ಲ. ಮಾರಿಕೊಂಡಿರಬೇಕು. ಗಳುಗಳ ತುದಿಯ ಬಟ್ಟೆ ಗಂಡಸಿನ ಹೊದಿಕೆಯಿಂದ ಹರಿದದ್ದು. ಹಾಗಾದರೆ ಜೊತೆಗೊಬ್ಬ ಗಂಡಸಿದ್ದಾನೆ.

“ಈ ಬೇಲಿ ಕಟ್ಟೋದು ಯಾರು ಹೇಳಿಕೊಟ್ಟರು?”

ಅವಳು ಬಾಗಿ ಬಿದ್ದ ಗಳುವನ್ನು ಎತ್ತಿಕೊಂಡಳು.

“ಹೆಸರು ಹೇಳು. ನಿನ್ನನ್ನ ಬಿಟ್ಟುಬಿಡ್ತೀನಿ.”

“ಹೇಳೋ ಹಾಗಿಲ್ಲ.”

ಅವಳಿಗೆ ಬರುತ್ತಿದ್ದ ಸ್ವಾಹಿಲಿ ಭಾಷೆ ಅಂಗಡಿಯಲ್ಲಿ ಉಪ್ಪು ಸಕ್ಕರೆ ಕೊಳ್ಳುವಷ್ಟು. ಅವನಿಗೆ ಸಂಬುರು ಮಾತು ಅದಕ್ಕಿಂತ ಕಡಿಮೆ. ಮಾತು ತಿಳಿಸಬಲ್ಲ ಅವನ ಸಹಾಯಕರಿಬ್ಬರೂ ಊರಿಗೆ ಹೋಗಿದ್ದರು. ಇವತ್ತು ಸಂಜೆ ಊರಿಗೆ ಮೊದಲ ವಿದ್ಯುದ್ದೀಪ. ಮೇಕೆ ಕಡಿದಿದ್ದರು.

“ಬೇಲಿ ಕೀಳಬೇಡ,” ಎಂದಳು ನಬುಲು. “ಇವತ್ತು ಬೇಡ.”

“ಯಾಕೆ, ಇವತ್ತೇನು?”

“ಇವತ್ತು ಸಂಜೆ ಅವು ಸಾಯ್ತವೆ.”

“ನೋಡು, ನೀನೇ ಒಪ್ಪಿಕೊಂಡೆ!”

ಅವಳು ತಲೆಯಲ್ಲಾಡಿಸಿ, ಪದ ಸಿಗದೆ, ಮೇಲಕ್ಕೆ ಕೈ ತೋರಿಸಿದಳು.

“ದೇವರ ಕಡೆ ಕೈ ತೋರಿಸಬೇಡ. ಸಿಕ್ಕಿಬಿದ್ದವರೆಲ್ಲ ಅಲ್ಲಿಗೇ ತೋರಿಸ್ತಾರೆ.” ಅವಳನ್ನು ಜೀಪಿಗೆ ಹತ್ತಿಸಿದ. ಆ ಉದ್ದನೆಯ ಗಳುವನ್ನೂ ಸಾಕ್ಷಿಗೆಂದು ಜೀಪಿನ ಮೇಲೆ ಕಟ್ಟಿದ. ಅದರ ತುದಿಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದಿತ್ತು. ಉರುಳಿನ ಅಳತೆ ಎಂದುಕೊಂಡ.

ಗುಡ್ಡದ ಮೇಲೆ ಜಿರಾಫೆಗಳು ನಿಂತು ಇತ್ತಲೇ ನೋಡುತ್ತಿದ್ದವು. ಸಂಜೆಯಾಗುತ್ತಲೇ ಅವು ಹಳ್ಳ ದಾಟಿ ಆಚೆಯ ನೀರಿಗೆ ಇಳಿಯುತ್ತವೆ. ಒಂದು ಮರಿ ಹುಟ್ಟಿ ಎರಡು ವಾರವೂ ಆಗಿರಲಿಲ್ಲ. ಮುಸೆಂಬಿ ಅವಳಿಗೆ ಬೆರಳು ಮಡಿಚಿ ತೋರಿಸಿದ.

“ಏಳು. ಹೋದ ವಾರ ನಾನು ಈ ಕೆಲಸಕ್ಕೆ ಬಂದಾಗ ಏಳು. ನಾಳೆ ಬೆಳಿಗ್ಗೆಯೂ ಏಳೇ ಇರುತ್ತೆ. ತಿಳೀತಾ?”

“ಏಳು,” ಎಂದಳು ಅವಳು.

ಬೇಲಿ ಕೀಳಲು ಮಧ್ಯಾಹ್ನವೆಲ್ಲ ಹಿಡಿಯಿತು. ಜೀಪಿಗೆ ಸರಪಳಿ ಬಿಗಿದು ತುಂಡು ತುಂಡಾಗಿ ಎಳೆದ. ಅಂಗೈ ಮುಳ್ಳು ತಾಗಿ ಹರಿಯಿತು. ರಾಶಿ ಹಾಕಿ ಬೆಂಕಿ ಕೊಟ್ಟಾಗ ಕೆಂಪು ಬಟ್ಟೆ ಎಲ್ಲಕ್ಕಿಂತ ಮೊದಲು ಉರಿಯಿತು. ಆಗೊಮ್ಮೆ ಮಾತ್ರ ನಬುಲು ಮುಖ ಮುಚ್ಚಿಕೊಂಡಳು. ಬೆಂಕಿ ಆರಿದಾಗ ಹಳ್ಳದ ಹಳೆಯ ಹಾದಿ ಮೊದಲಿನಂತೆ ಬಯಲಾಗಿತ್ತು. ಮೇಲೆ, ಎರಡು ಕಂಬಗಳ ನಡುವೆ, ತಂತಿ ತೊಟ್ಟಿಲ ಹಗ್ಗದಂತೆ ಜೋತಾಡುತ್ತಿತ್ತು.

ಊರು ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ತೂಗುಬಿಟ್ಟ ಬಲ್ಬಿನ ಕೆಳಗೆ ಊರೆಲ್ಲ ನೆರೆದಿತ್ತು. ಹಿರಿಯ ಲೆಮೆರೆಟಿ ಮೂಳೆ ಚೀಪುತ್ತಾ ಎದ್ದುಬಂದ.

“ಏನಪ್ಪಾ ಕಾಂಬಾ, ಮೇಕೆ ಮುಗಿದ ಮೇಲೆ ಬಂದ್ಯಲ್ಲ! ನಿನ್ನ ಪಾಲಿಗೆ ಕೊಂಬು ಇಟ್ಟಿದೀವಿ.”

“ಕೊಂಬು ಇರಲಿ ಯಜಮಾನ್ರೇ. ಕಳ್ಳಬೇಟೆಯವಳನ್ನ ಹಿಡಿದು ತಂದಿದೀನಿ. ಬೇಲಿ ಸುಟ್ಟುಹಾಕಿದೆ. ಜೊತೆಗಾರ ಯಾರು ಅಂದ್ರೆ ಹೆಸರು ಹೇಳ್ತಿಲ್ಲ.”

ಲೆಮೆರೆಟಿ ಜೀಪಿನೊಳಗೆ ಇಣುಕಿದ. ಚೀಪುವುದು ನಿಂತಿತು.

ಬಲ್ಬು ಹೊತ್ತಿಕೊಂಡಿತು. ಹೆಂಗಸರು ಕೇಕೆ ಹಾಕಿದರು. ತಂತಿ ಎಳೆದ ಕೆಲಸಗಾರನನ್ನು ಯಾರೋ ಹೆಗಲ ಮೇಲೆ ಎತ್ತಿಕೊಂಡರು.

“ಸತ್ತ ಗಂಡನ ಹೆಸರು ನಮ್ಮ ಹೆಂಗಸರು ಬಾಯಿಗೆ ತರಲ್ಲಪ್ಪಾ,” ಎಂದ ಲೆಮೆರೆಟಿ. “ಈಗ ನೀನು ಮಲಗೋ ಮಂಚದಲ್ಲಿ ನಿನಗಿಂತ ಮುಂಚೆ ಮಲಗ್ತಿದ್ದ ಕಾವಲುಗಾರ, ಅವನೇ ಇವಳ ಗಂಡ. ಕೋಣ ತಿವಿದು ಹೋದ. ಹೋಗೋವರೆಗೂ ಒಂದೇ ಜಪ ಅವನದು: ಹಳ್ಳದ ಹತ್ರ ತಂತಿ ತೀರಾ ಕೆಳಗಿದೆ, ಎತ್ತಿ ಕಟ್ಟಿ ಅಂತ.”

ಮುಸೆಂಬಿ ಜೀಪಿನ ಮೇಲಿನ ಗಳುವನ್ನು ನೋಡಿದ. ಟಣ್ಣೆಂದ ಸದ್ದು ನೆನಪಾಯಿತು; ತಂತಿ ಎಲ್ಲಕ್ಕಿಂತ ಎತ್ತರವಿದ್ದ ಕಂಬದ ಪಕ್ಕದ ಕಂಡಿಯೂ.

“ಆ ಗೆರೆ ಏನಂತೆ, ಕೇಳಿ ಯಜಮಾನ್ರೇ.”

ಲೆಮೆರೆಟಿ ಕೇಳಿದ. ನಬುಲು ಉತ್ತರಿಸಿದಳು.

“ದೊಡ್ಡ ಗಂಡು ಜಿರಾಫೆಯ ನೆತ್ತಿಯ ಎತ್ತರವಂತೆ.”

“ಆರಿಸ್ರೋ!” ಮುಸೆಂಬಿ ಜನರನ್ನು ತಳ್ಳಿಕೊಂಡು ಓಡಿದ. “ದೀಪ ಆರಿಸ್ರೋ!”

ಅವನು ಮುಟ್ಟುವ ಮೊದಲೇ ದೀಪ ಆರಿತು.

ಜನ ನಕ್ಕರು. ಕೆಲಸಗಾರ ಹೆಗಲ ಮೇಲಿನಿಂದಲೇ ಕೂಗಿದ, “ಹೆದರಬೇಡಿ, ತಂತಿಗೆ ಏನೋ ತಗುಲಿದೆ ಅಷ್ಟೆ! ತಾನಾಗೇ ಬರುತ್ತೆ!”

ಜೀಪಿನೊಳಗಿಂದ ನಬುಲು, ಅವನಿಗೆ ಅರ್ಥವಾಗುವ ಅಂಗಡಿಯ ಸ್ವಾಹಿಲಿಯಲ್ಲಿ, ಎಣಿಸಿದಳು: “ಒಂದು.”