ಹನ್ನೆರಡು ಸಾವಿರ ಹೆಜ್ಜೆ

"ಐವತ್ತೆರಡಕ್ಕೇ ಬಿ.ಪಿ., ಶುಗರ್, ಮೇಲೆ ದಿನಕ್ಕೊಂದು ಪ್ಯಾಕ್ ಸಿಗರೇಟು. ಹೀಗೇ ಕೂತಿದ್ರೆ ನಿಮ್ಮ ನೆನಪಿನ ಶಕ್ತಿ ಹೊರಟುಹೋಗುತ್ತೆ. ನಡೀರಿ," ಎಂದು ಡಾಕ್ಟರು ಸಾಹೇಬರ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿಸಿದರು.

ಮರುದಿನ ಆಫೀಸಿನಲ್ಲಿ ಸಾಹೇಬರು ಅದನ್ನು ಬಿಚ್ಚಿ ಅಟೆಂಡರ್ ಚೌಡಯ್ಯನ ಕಡೆ ಎಸೆದರು.

"ಕಟ್ಕೊಳ್ಳೋ. ಈ ಆಫೀಸ್ ನಡೀತಿರೋದು ನನ್ ತಲೆಯಿಂದ. ನಿಂಗೆ ದೇವ್ರು ಕೊಟ್ಟಿರೋದು ಕಾಲು ಮಾತ್ರ, ಅದನ್ನಾದ್ರೂ ಸವೆಸು."

"ಆಗ್ಲಿ ಸಾರ್."

ಚೌಡಯ್ಯ ಫೈಲು ಹೊತ್ತು ಮೂರು ಮಹಡಿ ಹತ್ತಿ ಇಳಿದ. ಸಾಹೇಬರ ಸಿಗರೇಟಿಗೆ, ಬೋಂಡಾಕ್ಕೆ ಅಂಗಡಿಗೂ ಅವನೇ ಓಡಾಡಿದ. ಅವನ ಹೆಜ್ಜೆಗಳೆಲ್ಲ ಸಾಹೇಬರ ಫೋನಿನಲ್ಲಿ ದಾಖಲಾಗುತ್ತಿದ್ದವು.

ಎರಡು ವರ್ಷವಾದ ಮೇಲೂ ಡಾಕ್ಟರು ಆ ಫೋನು ನೋಡಿ ಹಿಗ್ಗಿದರು.

"ದಿನಕ್ಕೆ ಹನ್ನೆರಡು ಸಾವಿರ! ಇಷ್ಟು ನಡೆಯೋರಿಗೆ ಮರೆವು ಹತ್ರಾನೂ ಸುಳಿಯಲ್ಲ ಬಿಡಿ."

ಮಾರನೆಯ ಬೆಳಿಗ್ಗೆ ಚೌಡಯ್ಯ ಮೇಜಿನ ಮೇಲೆ ಕಾಫಿ ಇಟ್ಟ. ಸಾಹೇಬರು ಅವನ ಮಣಿಕಟ್ಟನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಈ ವಾಚ್ ಎಲ್ಲಿಂದ ಬಂತೋ ನಿಂಗೆ?"

ಚೌಡಯ್ಯ ನಕ್ಕ. "ತಾವೇ ಕೊಟ್ಟಿದ್ದಲ್ವಾ ಸಾರ್?"

"ನಾನು? ನಿಂಗೆ?"

ಚೌಡಯ್ಯ ಅವರ ಮುಖ ನೋಡಿದ. ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅವನ ನಗು ನಿಂತಿತು.

ಸಾಹೇಬರು ಇಡೀ ಆಫೀಸಿಗೆ ಕೇಳುವಂತೆ ಕೂಗಿದರು:

"ಬಿಚ್ಚೋ ಕಳ್ಳ ನನ್ಮಗನೆ! ಎರಡು ವರ್ಷದಿಂದ ನಾನು ನಡೆದಿದ್ದೆಲ್ಲ ಅದ್ರಲ್ಲಿದೆ!"