ಕರೆದರೆ ಮಾತ್ರ ಬರುವವನು

“ಕರೆಯದೆ ಅವನು ಯಾರ ಮನೆ ಹೊಸ್ತಿಲೂ ದಾಟಲ್ಲ, ಮಮ್ಮಿ,” ಎಂದಳು ಅಪೂರ್ವಾ.

“ನೋಡು, ರಕ್ತ ಕುಡಿಯೋ ಪಿಶಾಚಿಗೂ ಎಷ್ಟು ಮರ್ಯಾದೆ!” ಎಂದರು ಇಂದಿರಮ್ಮ.

ದೆಹಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನ ಹಾಲಿನಲ್ಲಿ, ಕೂಲರಿನ ಮುಂದೆ ಕೂತು ಅವರು ಚಟ್ನಿಪುಡಿಗೆ ತಟ್ಟೆ ತುಂಬ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇಂಗ್ಲಿಷ್ ಕಾದಂಬರಿ ಅವರಿಗೆ ಓದಲು ಬಾರದು. ಮಗಳು ಓದಿದ್ದನ್ನು ಮಧ್ಯಾಹ್ನ ಕೂತು ಹೇಳಬೇಕು, ಇವರು ಕೇಳಬೇಕು. ಈ ಸಲದ ನಾಯಕನಿಗೆ ಇನ್ನೂರು ವರ್ಷ, ಇನ್ನೂ ಮದುವೆಯಿಲ್ಲ. ಬಿಸಿಲು ಆಗದು, ಬೆಳ್ಳುಳ್ಳಿ ವಾಸನೆ ಬಂದರಂತೂ ಓಟ. ಸಾವೇ ಇಲ್ಲದ ಆಸಾಮಿ, ಮನುಷ್ಯರ ಹುಡುಗಿಯೊಬ್ಬಳಿಗಾಗಿ ಪ್ರಾಣ ಬಿಡುತ್ತೇನೆ ಅನ್ನುತ್ತಾನೆ! ಇಂದಿರಮ್ಮ ಪೂರ್ತಿ ಅವನ ಕಡೆಗೆ ವಾಲಿಬಿಟ್ಟಿದ್ದರು.

“ಹುಡುಗಿ ಅಪ್ಪ ಒಪ್ಪಲ್ಲ. ನಮ್ಮ ಜನ ಅಲ್ಲ ಅಂತಾರೆ. ಅಮ್ಮ ಹ್ಞೂಂ ಅಂದ್ರೆ ಮಾತ್ರ ಏನಾದ್ರೂ ಆಗ್ಬಹುದು.”

“ಅನ್ನೋಕೇನು ಧಾಡಿ ಅವಳಿಗೆ? ಚಿನ್ನದಂಥ ಹುಡುಗ!”

“ಪಕ್ಕಾ?” ಅಪೂರ್ವಾ ಹತ್ತಿರ ಸರಿದಳು. “ಹಗಲೆಲ್ಲ ಮಲಗ್ತಾನೆ, ಮಮ್ಮಿ. ರಾತ್ರಿ ಎದ್ದಿರ್ತಾನೆ. ರಾತ್ರಿ ಅವನ ಹೆಸರೂ ಬೇರೆ, ಮಾತಾಡೋ ಧಾಟೀನೂ ಬೇರೆ.”

“ಮತ್ತೆ? ಪಿಶಾಚಿ ಅಂದ್ಮೇಲೆ ಇರೋದೇ.”

“ಸಂಜೆ ಬಿಳಿ ಸುಮೋ ಬಂದು ನೋಯ್ಡಾಕ್ಕೆ ಕರ್ಕೊಂಡು ಹೋಗುತ್ತೆ.”

ಇಂದಿರಮ್ಮನ ಕೈ ನಿಂತಿತು. ಎಲ್ಲಿಯೋ ಮಂಜಿನ ಕೋಟೆಯಲ್ಲಿದ್ದ ಪಿಶಾಚಿಗೆ ನೋಯ್ಡಾದಲ್ಲಿ ಏನು ಕೆಲಸ? ಕಥೆಯ ತಲೆಬುಡವೇ ತಿಳಿಯಲಿಲ್ಲ.

“ಹೆಸರು ಯೋಗೀಶ,” ಎಂದಳು ಮಗಳು. “ತುಮಕೂರು ಕಡೆಯವನು. ಕಾಲ್ ಸೆಂಟರ್‌ನಲ್ಲಿ ನೈಟ್ ಶಿಫ್ಟ್, ಅಲ್ಲಿ ಕೆವಿನ್ ಅಂತಾರೆ. ನಮ್ಮ ಜನ ಅಲ್ಲ. ಇವತ್ತು ನಿದ್ದೆ ಬಿಟ್ಟು ಬಂದು ಕೆಳಗೆ ನಿಂತಿದ್ದಾನೆ. ನೀನು ಹ್ಞೂಂ ಅಂದ್ರೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ, ಇಲ್ಲಾಂದ್ರೆ ಹಾಗೇ ಹೋಗ್ತಾನೆ. ಪ್ಲೀಸ್, ಮಮ್ಮಿ.”

ಅಯ್ಯೋ ಶಿವನೇ! ಯಾವುದು ಪುಸ್ತಕದ್ದು, ಯಾವುದು ಮನೆಯದ್ದು? ತಾನು ಹೊಗಳಿದ್ದು ಯಾರನ್ನು? ಸಿಟ್ಟು ಬರುತ್ತಿದೆಯೋ ಅಳು ಬರುತ್ತಿದೆಯೋ ಅವರಿಗೇ ಗೊತ್ತಾಗಲಿಲ್ಲ. ಸಂಜೆ ಆಫೀಸಿನಿಂದ ಬರುವ ಗಂಡ ಈಶ್ವರಪ್ಪನವರ ಮುಖವೂ ಕಣ್ಣ ಮುಂದೆ ಬಂತು. ಹ್ಞೂಂ ಅಂದರೋ ಉಹೂಂ ಅಂದರೋ, ಅಂತೂ ತಲೆ ಒಂದಿಷ್ಟು ಅಲ್ಲಾಡಿತು. ಮಗಳು ಮಿಸ್ಡ್ ಕಾಲ್ ಕೊಟ್ಟೇಬಿಟ್ಟಳು.

ಬೆಲ್ ಆಯಿತು. ಇಂದಿರಮ್ಮ ತಟ್ಟೆ ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದರು. ಬಿಳಿಚಿಕೊಂಡ ಮುಖದ, ಉದ್ದನೆಯ ಹುಡುಗ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು, ಮೇ ತಿಂಗಳ ಬಿಸಿಲಿಗೆ ಅವನ್ನು ಪೂರ್ತಿ ಬಿಡಲೂ ಆಗುತ್ತಿರಲಿಲ್ಲ. ಚಪ್ಪಲಿ ಬಿಚ್ಚಿ, ಹೊಸ್ತಿಲ ಆಚೆಗೇ ನಿಂತಿದ್ದ.

“ಒಳಗೆ ಬರಬಹುದಾ, ಆಂಟಿ?”

ಇಂದಿರಮ್ಮ ಅವನನ್ನು ನೋಡಿದರು. ಹಿಂದೆ ಉಸಿರು ಬಿಗಿಹಿಡಿದು ನಿಂತ ಮಗಳನ್ನು ನೋಡಿದರು.

“ಬಾಪ್ಪಾ, ಬಾ ಒಳಗೆ,” ಅಂದವರೇ, ಬೆಳ್ಳುಳ್ಳಿ ತಟ್ಟೆಯನ್ನು ಗಡಿಬಿಡಿಯಿಂದ ಸೆರಗಿನಡಿ ಮುಚ್ಚಿಕೊಂಡರು.